ಮೊದಲ ಟ್ರ್ಯಾಕ್ ಡೇ: ಪೋಲೋ ಟರ್ಬೊ ಹೇಗೆ ರೆಡಿ ಮಾಡಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಟ್ರ್ಯಾಕ್ ಡೇಗೆ (ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗುತ್ತಿದ್ದೇನೆ. ಸುತ್ತು ಸುಮಾರು 3.7 ಕಿ.ಮೀ. ನನಗೆ ಇದೇ ಮೊದಲು.

ಗಾಡಿ ಪೋಲೋ 1.0 ಟಿಎಸ್ಐ, ಮ್ಯಾನುವಲ್, 110 ಪಿಎಸ್. ಪೂರ್ತಿ ಸ್ಟಾಕ್, ಏನೂ ಬದಲಿಸಿಲ್ಲ. ಗೆಳೆಯರು ರೀಮ್ಯಾಪ್ (ಇಂಜಿನ್ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸುವುದು) ಮಾಡಿಸು ಅಂತ ಪೀಡಿಸುತ್ತಿದ್ದಾರೆ, ನನಗೆ ಬೇಡ. ಇರುವ ಪವರ್ ನಿಲ್ಲಿಸುವುದೇ ಕಷ್ಟ ಆಗಿದೆ.

ನಿಜವಾದ ಭಯ ಬ್ರೇಕಿನದು. ಹೋದ ವಾರ ನಂದಿ ಬೆಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು. ಕಾಲು ನಡುಗಿತು ಮಾರಾಯ್ರೆ! ಬ್ರೇಕ್ ಫ್ಲೂಯಿಡ್ ಬದಲಿಸಿ ಮೂರು ವರ್ಷ ಆಗಿದೆ, ತೇವ ಎಳೆದುಕೊಂಡಿರಬೇಕು. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1 ಹಾಕಿಸಿದರೆ ಸಾಕಾ, ಅಥವಾ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಕೂಡ ಬದಲಿಸಬೇಕಾ? ಹಿಂದೆ ಡ್ರಮ್ ಬ್ರೇಕ್ ಇದೆ. ರೇಸ್ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯಲ್ಲ ಅಂತಾರೆ, ಸಂಜೆ ಅದೇ ಗಾಡಿಯಲ್ಲಿ ಬೆಂಗಳೂರಿಗೆ ವಾಪಸ್ ಬರಬೇಕಲ್ವಾ.

ಇಂಜಿನ್ ಆಯಿಲ್ ಹೊಸದು ಹಾಕಿಸುತ್ತೇನೆ. ಟರ್ಬೊ ತಣಿಯಲು ಕೊನೆಯ ಸುತ್ತು ನಿಧಾನವಾಗಿ ಓಡಿಸುವುದೂ ಗೊತ್ತು. ಆದರೆ ಚೆನ್ನೈ ಬಿಸಿಲಿನಲ್ಲಿ ಒಂದೇ ಸಮ ಎಷ್ಟು ಸುತ್ತು ಹೊಡೆಯಬಹುದು? ಟೈರ್ ಬಿಸಿಯಾದಾಗ ಗಾಳಿ ಎಷ್ಟಿರಬೇಕು? ಇದೇ ಗಾಡಿ ಅಲ್ಲಿ ಓಡಿಸಿದವರಿದ್ದರೆ ದಯವಿಟ್ಟು ಹೇಳಿ. ಹೆಲ್ಮೆಟ್ ಮಾತ್ರ ತಮ್ಮನದು ಸಾಲ ತಂದಿದ್ದೇನೆ, ಸ್ವಲ್ಪ ಬಿಗಿ.