ಲಕ್ವ ಹೊಡೆದವರ ಊಟ: ನಿಮ್ಮ ಮನೆಯಲ್ಲಿ ಏನು ಕೊಟ್ರಿ, ಹೇಗೆ ಕೊಟ್ರಿ?

ದಾವಣಗೆರೆಯಿಂದ ಪ್ರಶ್ನೆ

ಅಪ್ಪನಿಗೆ 67. ಹೋದ ತಿಂಗಳು ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿದೆ. ಊಟ ಕೊಡ್ತಿದ್ದ ಮೂಗಿನ ಪೈಪ್ ತೆಗೆದು ಮನೆಗೆ ಕಳಿಸಿದ್ದಾರೆ. ಬಿಪಿ ಇದೆ, ಶುಗರ್ ಇಲ್ಲ. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋಗಿದ್ದಾರೆ. ನೀರು ಕುಡಿದರೆ ಕೆಮ್ಮು ಬರುತ್ತೆ. ದೊಡ್ಡಮ್ಮ ಬಂದು "ಬೇಳೆ, ಮೊಸರು, ಮೊಟ್ಟೆ, ಆಲೂಗಡ್ಡೆ ಎಲ್ಲಾ ವಾಯು, ಗಂಜಿ ಒಂದೇ ಸಾಕು" ಅಂತ ಹೇಳಿಹೋಗಿದ್ದಾರೆ. ಫಿಸಿಯೋದವರು "ಮೈಯಲ್ಲಿ ಕಸುವೇ ಇಲ್ಲ, ವ್ಯಾಯಾಮ ಹೇಗೆ ಮಾಡಿಸಲಿ" ಅಂತಾರೆ. ಅನುಭವ ಇರೋರು ದಯವಿಟ್ಟು ಹೇಳಿ.

ತಿಪಟೂರು, ಅತ್ತೆಯನ್ನು ನೋಡಿಕೊಂಡವರು

ಏನು ಕೊಡಬೇಕು ಅನ್ನೋದು ಆಮೇಲೆ, ಮೊದಲು ಆ ಕೆಮ್ಮಿನ ವಿಷಯ ನೋಡಿ. ನೀರು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳೀತಿರಬಹುದು. ಹಾಗೇ ಬಿಟ್ಟರೆ ನ್ಯುಮೋನಿಯಾ ಆಗುತ್ತೆ. ಪೈಪ್ ತೆಗೆದ ಮಾತ್ರಕ್ಕೆ ನುಂಗೋದು ಪೂರ್ತಿ ಸರಿಹೋಯ್ತು ಅಂತಲ್ಲ.

ನಮ್ಮನೇಲಿ ಕಷ್ಟ ಆಗಿದ್ದು ಸಾರನ್ನದಲ್ಲಿ. ಮೆತ್ತಗಿದೆ, ಇದಕ್ಕಿಂತ ಸುಲಭದ್ದು ಯಾವುದಿದೆ ಅನ್ಸುತ್ತೆ. ಆದ್ರೆ ಬಾಯಲ್ಲಿ ಅಗುಳು ಇನ್ನೂ ಇರುವಾಗಲೇ ಸಾರು ಗಂಟಲಿಗೆ ಜಾರಿರುತ್ತೆ. ಸಾಂಬಾರಲ್ಲಿ ಮುಳುಗಿಸಿದ ಇಡ್ಲಿ, ಹಾಲಲ್ಲಿ ನೆನೆಸಿದ ಬ್ರೆಡ್ಡಿನ ಕಥೆಯೂ ಅದೇ. ಅನ್ನ, ಬೇಳೆ, ತರಕಾರಿ ಒಟ್ಟಿಗೆ ಕುಕ್ಕರಲ್ಲಿ ಹೆಚ್ಚು ವಿಷಲ್ ಕೂಗಿಸಿ, ಮಸೆದು, ಒಂದೇ ಹದಕ್ಕೆ ತಂದ ಮೇಲೆ ಕೆಮ್ಮು ನಿಂತಿತು. ಮುದ್ದೆ ಸದ್ಯಕ್ಕೆ ಬೇಡವೇ ಬೇಡ. ನಾವದನ್ನು ಅಗಿಯದೆ ನುಂಗೋರು, ಗಂಟಲು ಸೋತವರಿಗೆ ಅದು ಸಿಕ್ಕಿಹಾಕಿಕೊಳ್ಳುತ್ತೆ.

ಇನ್ನೊಂದು. ಗಂಜಿ ಆರ್ತಾ ಆರ್ತಾ ಗಟ್ಟಿಯಾಗುತ್ತೆ, ಬಾಯಿಗಿಟ್ಟ ಚಮಚವನ್ನೇ ಬಟ್ಟಲಿಗೆ ಮತ್ತೆ ಮತ್ತೆ ಅದ್ದಿದರೆ ಎಂಜಲಿಗೆ ನೀರೊಡೆಯುತ್ತೆ. ಒಂದೇ ಬಟ್ಟಲು, ಮೊದಲ ಚಮಚದ ಹದ ಬೇರೆ, ಕೊನೆಯದ್ದು ಬೇರೆ. ಅದಕ್ಕೇ ಸ್ವಲ್ಪ ಸ್ವಲ್ಪ ಬೇರೆ ಬಟ್ಟಲಿಗೆ ತಗೊಂಡು ತಿನ್ನಿಸಿ.

ಮೈಸೂರು, ವಾಕ್ ಚಿಕಿತ್ಸಕಿ

ಮೇಲಿನವರು ಹೇಳಿದ್ದು ಸರಿ. ಕೆಮ್ಮು ಬರೋದು ಒಂದು ಲೆಕ್ಕಕ್ಕೆ ವಾಸಿ. ಕೆಲವರಿಗೆ ಕೆಮ್ಮೇ ಬರದೆ ಒಳಗೆ ಇಳೀತಿರುತ್ತೆ. ಉಂಡ ಮೇಲೆ ದನಿ ಗೊರಗೊರ ಅನ್ನೋದು, ಕಾರಣವಿಲ್ಲದೆ ಪದೇ ಪದೇ ಜ್ವರ ಬರೋದು ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ನುಂಗುವಿಕೆ ಪರೀಕ್ಷಿಸೋರು ನಾವು, ಅಂದರೆ ಸ್ಪೀಚ್ ಥೆರಪಿಸ್ಟ್‌ಗಳು. ತುಂಬಾ ಜನಕ್ಕೆ ಇದು ಗೊತ್ತಿಲ್ಲ, "ಅವರಿಗೆ ಮಾತು ಚೆನ್ನಾಗಿ ಬರುತ್ತಲ್ಲ, ನಿಮ್ಮ ಹತ್ರ ಯಾಕೆ" ಅಂತಾರೆ! ನಿಮ್ಮೂರಲ್ಲಿ ಯಾರೂ ಸಿಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ.

ನೀರಿನಂಥ ತೆಳು ದ್ರವವನ್ನು ಗಟ್ಟಿ ಮಾಡಿ ಕೊಡಬೇಕಾಗಬಹುದು, ಎಷ್ಟು ಗಟ್ಟಿ ಇರಬೇಕು ಅಂತ ಪರೀಕ್ಷೆ ಮಾಡಿದವರು ಹೇಳ್ತಾರೆ. ಆ ಹದ ಮನೇಲಿ ನೋಡೋಕೆ 10 ಎಂಎಲ್ ಸಿರಿಂಜ್ ಸಾಕು. ಸೂಜಿ, ಒಳಗಿನ ದಂಡ ಎರಡೂ ತೆಗೆದು, ತುದಿಗೆ ಬೆರಳೊತ್ತಿ 10ರ ಗೆರೆವರೆಗೆ ಆ ದ್ರವ ತುಂಬಿ. ಬೆರಳು ತೆಗೆದು 10 ಸೆಕೆಂಡ್ ಬಿಟ್ಟು ಮತ್ತೆ ಒತ್ತಿ. 1 ಎಂಎಲ್‌ಗಿಂತ ಕಡಿಮೆ ಉಳಿದರೆ ಅದು ನೀರಿನಷ್ಟೇ ತೆಳು. 4ರಿಂದ 8 ಉಳಿದರೆ ಸ್ವಲ್ಪ ಮಂದ, 8 ದಾಟಿದರೆ ಇನ್ನೂ ಗಟ್ಟಿ. ಸಿರಿಂಜ್ ಕಂಪನಿಗಳಲ್ಲಿ ಉದ್ದ ಸ್ವಲ್ಪ ಹೆಚ್ಚುಕಡಿಮೆ ಇರುತ್ತೆ, ಚಿಕಿತ್ಸಕರ ಹತ್ತಿರ ಒಮ್ಮೆ ನೋಡಿಸಿಕೊಂಡು ಅದೇ ಬಗೆಯದ್ದನ್ನೇ ಬಳಸಿ.

ನೆಟ್ಟಗೆ ಕೂರಿಸಿ ಉಣಿಸಿ. ಉಂಡಮೇಲೂ ಅರ್ಧ ಗಂಟೆಯಾದರೂ ಮಲಗಿಸಬೇಡಿ. ಸೋತ ಕಡೆಯ ಕೆನ್ನೆಯೊಳಗೆ ತುತ್ತು ಕೂತಿರುತ್ತೆ, ಟಾರ್ಚ್ ಬಿಟ್ಟು ನೋಡಿ. ಎರಡು ಹೊತ್ತು ಹಲ್ಲು, ನಾಲಿಗೆ ಉಜ್ಜಿಸಿ. ಬಾಯಿಯ ಕೊಳೆ ಎಂಜಲಿನ ಜೊತೆ ಎದೆಗೆ ಇಳಿದರೂ ನ್ಯುಮೋನಿಯಾ ಬರುತ್ತೆ. ಗದ್ದ ಇಳಿಸಿ ನುಂಗುವ ಉಪಾಯ ಎಲ್ಲರಿಗೂ ಒಗ್ಗಲ್ಲ, ವಿಡಿಯೋ ನೋಡಿ ಶುರು ಮಾಡಬೇಡಿ.

ಹುಬ್ಬಳ್ಳಿ

ನಮ್ಮ ಕಾಕಾಗೂ ಎಡಗಡೆನ ಹೊಡದಿತ್ರೀ. ದಿನಾ ಅರ್ಧಾ ಊಟ ಬಿಡ್ತಿದ್ರು. ಹಸಿವಿ ಇಲ್ಲ ಅಂತ ಎಲ್ಲಾರೂ ತಿಳ್ಕೊಂಡಿದ್ವಿ. ಒಮ್ಮೆ ತಂಗಿ ತಾಟು ಸುಮ್ನ ಒಂದ್ ಸುತ್ತು ತಿರುಗಿಸಿ ಇಟ್ಲು ನೋಡ್ರಿ, ಉಳದಿದ್ದನ್ನೂ ಉಂಡ್ರು! ಬಲ ಮಿದುಳಿಗೆ ಪೆಟ್ಟು ಬಿದ್ರ ಎಡಗಡೆ ಏನೈತಿ ಅನ್ನೂ ಲಕ್ಷ್ಯನ ಕೆಲವರಿಗೆ ಹೋಗ್ತದ ಅಂತ ಆಮ್ಯಾಲ ಡಾಕ್ಟ್ರು ಹೇಳಿದ್ರು, ಕಣ್ಣು ಚಲೋ ಇದ್ರೂನೂ. ನಿಮ್ಮ ಅಪ್ಪಾರ ತಾಟಿನ್ಯಾಗ ಯಾವ ಕಡೀದು ಉಳೀತದ, ನೋಡ್ರಿ.

ಬೆಂಗಳೂರು, ಡಯಟಿಷಿಯನ್

ದೊಡ್ಡಮ್ಮನ ಪಟ್ಟಿಯಿಂದ ಆಲೂಗಡ್ಡೆ ಒಂದನ್ನು ತೆಗೆದಿಟ್ಟು ನೋಡಿ, ಉಳಿದದ್ದೆಲ್ಲ ಪ್ರೋಟೀನ್. ನನಗೆ ಸಿಟ್ಟು ಬರೋದು ಅಲ್ಲೇ. ಲಕ್ವ ಹೊಡೆಯೋದು ಮಿದುಳಿನ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು. ಬೇಳೆಯ ಗ್ಯಾಸಿಗೂ ಅದಕ್ಕೂ ಸಂಬಂಧ ಇಲ್ಲ. ಮಲಗಿದಲ್ಲೇ ಇರುವ ಮೈ ಮಾಂಸಖಂಡ ಕಳಕೊಳ್ತಾ ಹೋಗುತ್ತೆ, ನಾವು ಅದೇ ಹೊತ್ತಿಗೆ ಪ್ರೋಟೀನ್ ನಿಲ್ಲಿಸ್ತೀವಿ.

ಲೆಕ್ಕ ಹಾಕಿ. ಕಾಯಿಲೆಯಿಂದ ಸೊರಗಿದ ವಯಸ್ಸಾದವರಿಗೆ ಕೆಜಿ ತೂಕಕ್ಕೆ 1.2 ಗ್ರಾಂನಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ಇದ್ದರೆ ದಿನಕ್ಕೆ ಕಡಿಮೆ ಅಂದ್ರೂ 72 ಗ್ರಾಂ. 30 ಗ್ರಾಂ ಹಿಟ್ಟಿನ ಒಂದು ಬಟ್ಟಲು ರಾಗಿ ಗಂಜಿಯಲ್ಲಿ ಸಿಗೋದು ಬರೀ 2 ಗ್ರಾಂ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ಒಪ್ಪಿದೆ, ಆದರೆ ಕಾಲಿಗೆ ಕಸುವು ಬರೋಕೆ ಅದು ಸಾಲದು. ಗಂಜಿಯನ್ನು ನೀರಿನ ಬದಲು ಹಾಲಲ್ಲಿ ಮಾಡಿ, ಒಂದು ಲೋಟ ಹಾಲಿಗೆ 6 ಗ್ರಾಂ ಬಂತು. ಒಂದು ಮೊಟ್ಟೆಗೆ 6. ಒಂದು ಹಿಡಿ ತೊಗರಿಬೇಳೆ, ಅಂದರೆ 30 ಗ್ರಾಂ, ಇನ್ನು 6. ಗಟ್ಟಿ ಮೊಸರು, ಮಸೆದ ಪನೀರ್, ಹುರಿಗಡಲೆ ಹಿಟ್ಟು, ತಿನ್ನೋರಾದರೆ ಮುಳ್ಳು ತೆಗೆದ ಮೀನು ಸೇರಿಸಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಈ ಲೆಕ್ಕ ಡಾಕ್ಟರನ್ನು ಕೇಳಿಯೇ. ಮೂರು ದೊಡ್ಡ ಊಟ ಬೇಡ, ಆರು ಸಲ ಸ್ವಲ್ಪ ಸ್ವಲ್ಪ ಕೊಡಿ. ಸುಸ್ತಾದ ಮೇಲೆ ನುಂಗೋದೂ ಕೆಡುತ್ತೆ.

ಡಬ್ಬಿ ಪೌಡರ್, ಅಂದರೆ ಪೂರಕ ಆಹಾರದ ಪುಡಿ ಬಗ್ಗೆ ಯಾರಾದರೂ ಕೇಳೇ ಕೇಳ್ತಾರೆ. 2005ರಲ್ಲಿ ಪ್ರಕಟವಾದ ಫುಡ್ ಟ್ರಯಲ್ ಅನ್ನೋ ಅಧ್ಯಯನದಲ್ಲಿ 4,000ಕ್ಕೂ ಹೆಚ್ಚು ಸ್ಟ್ರೋಕ್ ರೋಗಿಗಳನ್ನು ನೋಡಿದ್ದರು. ಬಹುಪಾಲು ಚೆನ್ನಾಗಿ ತಿಂದುಂಡು ಇದ್ದವರೇ, ಅಂಥವರಿಗೆಲ್ಲ ಸಾರಾಸಗಟಾಗಿ ಪೂರಕ ಆಹಾರ ಕೊಟ್ಟದ್ದರಿಂದ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಆದರೆ ಅದೇ ತಂಡದ 2003ರ ವರದಿಯಲ್ಲಿ, ಆಸ್ಪತ್ರೆಗೆ ಬರುವಾಗಲೇ ಸೊರಗಿದ್ದವರಲ್ಲಿ ಸಾವು, ನ್ಯುಮೋನಿಯಾ ಎರಡೂ ಜಾಸ್ತಿ ಇತ್ತು. ಪಂಚೆ ನಿಲ್ಲದ ನಿಮ್ಮಪ್ಪನಂಥವರಿಗೆ ಪೌಡರ್ ಬೇಕಾಗಬಹುದು. ಆರಾಮಾಗಿ ಉಣ್ಣೋರಿಗೆ ಅದು ದುಡ್ಡು ದಂಡ. ರಕ್ತದಲ್ಲಿನ ಆಲ್ಬುಮಿನ್ ಅನ್ನೋ ಪ್ರೋಟೀನಿನ ರಿಪೋರ್ಟ್ ಒಂದನ್ನೇ ಹಿಡಕೊಂಡು ತೀರ್ಮಾನ ಮಾಡಬೇಡಿ, ಸೋಂಕಿದ್ದರೂ ಅದು ಇಳಿಯುತ್ತೆ.

ಪಥ್ಯ ಬೇಕೇ ಬೇಕು ಅಂದ್ರೆ ಉಪ್ಪಿನ ಪಥ್ಯ ಮಾಡಿ. ದಿನಕ್ಕೆ ಎಲ್ಲಾ ಸೇರಿ 5 ಗ್ರಾಂ ಒಳಗೆ. ಉಪ್ಪಿನಕಾಯಿ, ಹಪ್ಪಳ, ಬಾಳಕ ಬಂದ್.

ಶಿವಮೊಗ್ಗ

ರಕ್ತ ತೆಳು ಮಾಡೋ ಮಾತ್ರೆಯಲ್ಲಿ ವಾರ್ಫರಿನ್ ಅಥವಾ ಅಸಿಟ್ರಾಮ್ ಇದ್ರೆ ಸೊಪ್ಪಿನ ಬಗ್ಗೆ ಹುಷಾರು. ಬಿಡಬೇಕಂತಿಲ್ಲ, ದಿನಾ ಹೆಚ್ಚುಕಡಿಮೆ ಅಷ್ಟೇ ತಿನ್ನಬೇಕು. ಮಾತ್ರೆ ಪುಡಿ ಮಾಡಿ ಗಂಜಿಗೆ ಬೆರೆಸೋ ಮುಂಚೆ ಫಾರ್ಮಸಿಯಲ್ಲಿ ಕೇಳಿ, ಕೆಲವನ್ನು ಪುಡಿ ಮಾಡಬಾರದು.

ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ತಟ್ಟೆ ನೋಡಿದೆ, ಎಡಗಡೆ ಪಲ್ಯ ಮುಟ್ಟೇ ಇಲ್ಲ! ನೀರು ಗಟ್ಟಿ ಮಾಡಿಕೊಟ್ರೆ ಅಪ್ಪ ಬೇಡ ಅಂತಾರೆ. ನಿಲ್ಲೋಕಾಗದವರ ತೂಕ ನೋಡೋದು ಹೇಗೆ?

ಬೆಂಗಳೂರು, ಡಯಟಿಷಿಯನ್

ಗಟ್ಟಿ ನೀರು ಯಾರಿಗೂ ಇಷ್ಟವಾಗಲ್ಲ, ಅದಕ್ಕೇ ಕುಡಿಯೋದು ಕಡಿಮೆಯಾಗಿ ಮಲಬದ್ಧತೆ ಶುರುವಾಗುತ್ತೆ. ಅದೇ ಹದಕ್ಕೆ ತಂದ ಮಜ್ಜಿಗೆ, ಶೋಧಿಸಿದ ಹಣ್ಣಿನ ರಸ ಕೊಟ್ಟು ನೋಡಿ. ಮೂತ್ರ ಕಡು ಹಳದಿ ಆದರೆ ನೀರು ಸಾಲ್ತಿಲ್ಲ ಅಂತ. ತೂಕಕ್ಕೆ ವೀಲ್‌ಚೇರ್ ಹತ್ತಿಸುವ ತಕ್ಕಡಿ ಕೆಲವು ಆಸ್ಪತ್ರೆಗಳಲ್ಲಿರುತ್ತೆ. ಅದಿಲ್ಲದಿದ್ದರೆ ಟೈಲರ್ ಟೇಪ್ ತಗೊಂಡು, ಬಲಗೈಯಲ್ಲಿ ಭುಜಕ್ಕೂ ಮೊಣಕೈಗೂ ನಡುಮಧ್ಯದ ಸುತ್ತಳತೆ ಹದಿನೈದು ದಿನಕ್ಕೊಮ್ಮೆ ಬರೆದಿಡಿ. ಎಡಗೈ ಬೇಡ, ಅದು ಊತದಿಂದಲೂ ದಪ್ಪ ಕಾಣಬಹುದು.