ಕಾನೂನು ಕಲಿಯುವ ಮೊದಲು ಯಾವ ಪದವಿ?

ಅಪ್ಪ: (ಫಾರ್ವರ್ಡ್ ಆದ ಚಿತ್ರ: ‘ವಕೀಲರಾಗುವವರಿಗೆ ಉತ್ತಮ ಪದವಿಗಳು: ರಾಜ್ಯಶಾಸ್ತ್ರ, ಇತಿಹಾಸ, ಇಂಗ್ಲಿಷ್, ಅರ್ಥಶಾಸ್ತ್ರ’) ಮಗಳು ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಬಿ.ಎ. ಓದಿ, ಬಳಿಕ ಎಲ್‌ಎಲ್‌ಬಿ ಮಾಡುವುದಾಗಿ ಹಟ ಹಿಡಿದಿದ್ದಾಳೆ. ಈ ಪಟ್ಟಿಯಲ್ಲಿ ಕನ್ನಡದ ಹೆಸರೇ ಇಲ್ಲ.

ಮಾವ: ಪಟ್ಟಿ ಮಾಡಿದವರ ಹೆಸರೂ ಅದರಲ್ಲಿಲ್ಲ, ಭಾವ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಮೂರು ವರ್ಷದ ಎಲ್‌ಎಲ್‌ಬಿಗೆ ಮಾನ್ಯತೆಯುಳ್ಳ ಯಾವ ಪದವಿಯೂ ಸಾಕು. ಸಾಮಾನ್ಯ ವರ್ಗದವರಿಗೆ ಅದರಲ್ಲಿ ಶೇಕಡಾ 45 ಅಂಕವಿರಬೇಕು.

ದೊಡ್ಡಮ್ಮ: ನಿಯಮ ಒಪ್ಪಿದ ಮಾತ್ರಕ್ಕೆ ಪ್ರಯೋಜನವಿದೆಯೆಂದು ಅರ್ಥವೇ? ಪ್ಲಸ್ ಟು ಆದೊಡನೆ ಐದು ವರ್ಷದ ಕಾನೂನು ಕೋರ್ಸಿಗೆ ಸೇರಿದರೆ ಒಂದು ವರ್ಷ ಉಳಿಯುತ್ತದೆ. ಇಲ್ಲಿನ ನ್ಯಾಯಾಲಯಗಳ ವ್ಯವಹಾರವೆಲ್ಲ ಇಂಗ್ಲಿಷ್, ಮಲಯಾಳಂಗಳಲ್ಲಿ ನಡೆಯುವಾಗ ಕನ್ನಡ ಪದವಿ ಯಾವ ಕಕ್ಷಿದಾರನಿಗೆ ಬೇಕು?

ಮಾವ: ಒಂದು ವರ್ಷದ ಮಾತು ನಿಜ, ಅಕ್ಕ. ಕಕ್ಷಿದಾರನ ಮಾತನ್ನು ಒಪ್ಪಲಾರೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ, ಇಂದಿಗೂ ಜಾಗದ ವ್ಯಾಜ್ಯಗಳಲ್ಲಿ ಹಳೆಯ ಕ್ರಯಪತ್ರ, ಪಾಲುಪಟ್ಟಿ, ಗೇಣಿ ಚೀಟುಗಳು ಕನ್ನಡದಲ್ಲಿಯೇ ಎದುರಾಗುತ್ತವೆ. ಕೈಬರಹದ ಅಂಥ ಚೀಟನ್ನು ಬಿಡಿಸಿ ಓದಿ, ಅದು ಮೂಲಗೇಣಿಯೋ (ಶಾಶ್ವತ ಗೇಣಿ) ಚಾಲಗೇಣಿಯೋ (ಶಾಶ್ವತವಲ್ಲದ ಗೇಣಿ) ಎಂದು ತಾನೇ ತಿಳಿಯಬಲ್ಲ ವಕೀಲನಿಗೂ, ಅನುವಾದವನ್ನು ನಂಬಿ ವಾದಿಸುವವನಿಗೂ ಬಹಳ ಅಂತರವಿದೆ. ಮೇಲಾಗಿ, ಹಳಗನ್ನಡದ ಒಂದು ಪದ್ಯಕ್ಕೆ ಎರಡು ಅರ್ಥ ಹೊರಡುವಾಗ ಯಾವುದು ಸರಿಯೆಂದು ಸಾಧಿಸುವ ಅಭ್ಯಾಸವು ಕಾಯಿದೆಯ ಕಲಮನ್ನು ಓದುವ ಅಭ್ಯಾಸದಿಂದ ದೂರವಿಲ್ಲ. (ರಾಜ್ಯಶಾಸ್ತ್ರದ ಗೈಡನ್ನು ಬಾಯಿಪಾಠ ಮಾಡಿ ಪಾಸಾದವರನ್ನು ಕೋರ್ಟಿನಲ್ಲಿ ನೋಡುತ್ತಲೇ ಇದ್ದೇನೆ, ಹೆಚ್ಚು ಹೇಳುವುದಿಲ್ಲ.)

ಅಪ್ಪ: ಹಾಗಾದರೆ ಇಂಗ್ಲಿಷಿನ ಗತಿಯೇನು?

ಮಾವ: ಅದೇ ನನ್ನ ಆತಂಕವೂ ಹೌದು. ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟಿನ ಭಾಷೆ ಇಂಗ್ಲಿಷ್. ಕೇರಳ ಹೈಕೋರ್ಟಿನಲ್ಲಿಯೂ ಅದೇ. ಕನ್ನಡ ಬಿ.ಎ. ಓದುತ್ತಾ ಇಂಗ್ಲಿಷನ್ನು ಪರೀಕ್ಷೆಯ ಮಟ್ಟಿಗೆ ಬಿಟ್ಟರೆ ಅವಳು ಕಷ್ಟಪಡುವುದು ಖಂಡಿತ. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಬಂದಿದ್ದರೂ ಮೂರನೆಯ ವರ್ಷದ ಕೊನೆಗೆ ಪದವಿ ಪಡೆದು ಹೊರಬರಬಹುದು. ಜೊತೆಗೆ ಮೈನರ್ ವಿಷಯವೂ (ಮುಖ್ಯ ವಿಷಯದೊಂದಿಗೆ ಓದುವ ಉಪವಿಷಯ) ಇರುವುದರಿಂದ, ಇಂಗ್ಲಿಷ್ ಸಿಗುವುದಾದರೆ ಅದನ್ನೇ ಆರಿಸಲಿ.

ದೊಡ್ಡಮ್ಮ: ಮಲಯಾಳಂ?

ನಾನು: ಮಾತು ಬರುತ್ತದೆ ದೊಡ್ಡಮ್ಮ, ಬರವಣಿಗೆ ನಿಧಾನ. ಅದಕ್ಕೆ ಮೂರು ವರ್ಷ ಸಮಯವಿದೆ. ಅಪ್ಪ, ಇಂಗ್ಲಿಷ್ ಮೈನರ್ ಸಿಗುವುದೇ ಎಂದು ನಾಳೆ ಕಾಲೇಜಿನಲ್ಲಿ ವಿಚಾರಿಸಿದ ಮೇಲೆಯೇ ಅರ್ಜಿ ತುಂಬುತ್ತೇನೆ.