ಟಿರೊ ಕನ್ನಡ 11 ಪಾಯಿಂಟ್: ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆ

ಪೇಟೆಗಾರ, ಪುಣೆ
ಸಂಘದ ವಾರ್ಷಿಕ ಸಂಚಿಕೆ. ಎ5, 64 ಪುಟ, ಪುಟವಿನ್ಯಾಸಕ್ಕೆ ಇನ್‌ಡಿಸೈನ್, ಟಿರೊ ಕನ್ನಡ ಫಾಂಟ್ 11 ಪಾಯಿಂಟ್, ಲೀಡಿಂಗ್ (ಸಾಲಿನಿಂದ ಸಾಲಿಗೆ ಅಂತರ) ಆಟೋ. ‘ರಾಷ್ಟ್ರ’, ‘ಉತ್ಪ್ರೇಕ್ಷೆ’ ಬಂದಲ್ಲೆಲ್ಲ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಮೇಲಿನಲ್ಲಿ ಬಂದ ಎರಡು ಲೇಖನಗಳಲ್ಲಿ ಒತ್ತು ಕೂಡುವುದೇ ಇಲ್ಲ, ‘ಅಕ್ಕ’ ಹೋಗಿ ‘ಅಕ್‌ಕ’ ಆಗಿದೆ. ಬೋಲ್ಡ್ ಸಿಗಲಿಲ್ಲವೆಂದು ಶೀರ್ಷಿಕೆಗಳಿಗೆ 0.5 ಪಾಯಿಂಟ್ ಸ್ಟ್ರೋಕ್ (ಅಕ್ಷರದ ಅಂಚಿಗೆ ಗೆರೆ) ಕೊಟ್ಟಿದ್ದೇನೆ. ಪ್ರೂಫಿನಲ್ಲಿ ಮಸಿ ಮೆತ್ತಿದಂತಿದೆ. ಫಾಂಟನ್ನೇ ಬದಲಿಸಬೇಕೆ?

ಅಚ್ಚುಮೊಳೆ, ಡೊಂಬಿವಲಿ
ಫಾಂಟ್ ಏನು ಮಾಡೀತು ಮಾರಾಯ್ರೆ! ಆಟೋ ಅಂದರೆ ಅಕ್ಷರದ ಅಳತೆಯ 120%, ಅಂದರೆ 13.2 ಪಾಯಿಂಟ್. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ‘ಷ್ಟ್ರ’ಕ್ಕೆ ಎರಡು ಒತ್ತು, ಎರಡೂ ಕೆಳಗೇ ಇಳಿಯಬೇಕು, ಮುಂದಿನ ಸಾಲಿನ ಗುಡಿಸು, ಎತ್ವಗಳು ಮೇಲೇರಬೇಕು. 11ಕ್ಕೆ 17 ಲೀಡಿಂಗ್ ಕೊಡಿ. ‘ಉತ್ಪ್ರೇಕ್ಷೆ’ಯ ನೇರ ಕೆಳಗೆ ‘ಕೀರ್ತಿ’ ಬರುವಂತೆ ಎರಡು ಸಾಲು ಹೊಡೆದು, 400% ಹಿಗ್ಗಿಸಿ ನೋಡಿ. ನಡುವೆ ಬೆಳಕು ಕಾಣಬೇಕು.

ಒತ್ತು ಕೂಡದಿರುವುದು ಕಂಪೋಸರ್ (ಅಕ್ಷರ ಜೋಡಿಸಿ ಸಾಲು ಕಟ್ಟುವ ವ್ಯವಸ್ಥೆ) ಸಮಸ್ಯೆ. ಪ್ಯಾರಾಗ್ರಾಫ್ ಸ್ಟೈಲ್ ತೆರೆದು, ಜಸ್ಟಿಫಿಕೇಶನ್ ವಿಭಾಗದಲ್ಲಿ ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ಅಂಟಿಸಿದ ಪಠ್ಯ ತನ್ನ ಹಳೆಯ ಸ್ಟೈಲನ್ನು ಜೊತೆಗೇ ತಂದಿರುತ್ತದೆ, ಅದನ್ನು ಅಳಿಸಿ ನಿಮ್ಮ ಸ್ಟೈಲ್ ಹಚ್ಚಿ.

ಪೇಟೆಗಾರ, ಪುಣೆ
ಕಂಪೋಸರ್ ಸರಿಯಾಯಿತು. ಆದರೆ 17 ಕೊಟ್ಟರೆ ಪುಟಕ್ಕೆ 36 ಇದ್ದ ಸಾಲು 28ಕ್ಕೆ ಇಳಿಯುತ್ತದೆ. 64 ಪುಟ 84 ಆಗುತ್ತದೆ. ಬಜೆಟ್ ಇಲ್ಲ. 9.5ಕ್ಕೆ ಇಳಿಸಲೇ?

ಅರ್ಕಾವತ್ತು, ಮಡಗಾಂವ್
ಬೇಡ. ಸಂಘದ ಸಂಚಿಕೆ ಓದುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. 10.5ಕ್ಕೆ 16 ಇಡಿ: 30 ಸಾಲು, ಒಂದೊಂದು ಸಾಲಿನಲ್ಲೂ ನಾಲ್ಕೈದು ಶೇಕಡಾ ಹೆಚ್ಚು ಅಕ್ಷರ. 76 ಪುಟಕ್ಕೆ ಮುಗಿಯಬೇಕು. ಪಿನ್ ಹೊಡೆಯುವುದಾದರೆ ಹೇಗೂ ನಾಲ್ಕರಿಂದ ಭಾಗವಾಗಬೇಕಲ್ಲ.

ಸ್ಟ್ರೋಕ್ ಮೊದಲು ತೆಗೆಯಿರಿ. ಮಹಾಪ್ರಾಣ ತೋರಿಸುವ ಕೆಳಗಿನ ಸೀಳು ಅದರಿಂದ ಮುಚ್ಚಿಹೋಗುತ್ತದೆ. ‘ಧನಸಹಾಯ ಮಾಡಿದವರು’ ಹೋಗಿ ‘ದನಸಹಾಯ’ ಆದರೆ ದಾನಿಗಳಿಗೆ ಉತ್ತರ ಹೇಳುವವರು ಯಾರು? ಟಿರೊ ಸಾಹಿತ್ಯ ಗ್ರಂಥಗಳ ಒಳಪುಟಕ್ಕೆಂದು ಮಾಡಿದ ಅಕ್ಷರ; ರೆಗ್ಯುಲರ್, ಇಟಾಲಿಕ್ ಎರಡೇ ಇವೆ. ಶೀರ್ಷಿಕೆಯನ್ನು ಅದರಲ್ಲೇ 18 ಪಾಯಿಂಟಿಗೆ ಏರಿಸಿದರೆ ಸಾಕು, ನನಗೆ ಅದೇ ಚೆಂದ. ದಪ್ಪವೇ ಬೇಕೆಂದರೆ ನೋಟೊ ಸೆರಿಫ್ ಕನ್ನಡದ ಸೆಮಿಬೋಲ್ಡ್ ಹಾಕಿ.

ಮರಾಠಿ ಜಾಹೀರಾತು ಇದ್ದರೆ ಟಿರೊ ದೇವನಾಗರಿ ಮರಾಠಿ ಬಳಸಿ, ಹಿಂದಿಯದಲ್ಲ. ಲ, ಶ ಎರಡರ ರೂಪವೂ ಬೇರೆ. ಪುಣೆಯವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಪೇಟೆಗಾರ, ಪುಣೆ
10.5/16, ಸರಿಯಾಗಿ 76 ಪುಟ. ಉಪಕಾರವಾಯಿತು. ಒಂದೇ ಉಳಿದಿದೆ: ‘ರ‍್ಯಾಂಕ್’ ಎಂದು ಬರೆದುಕೊಟ್ಟದ್ದು ‘ರ್ಯಾಂಕ್’ ಆಗುತ್ತಿದೆ.

ಅಚ್ಚುಮೊಳೆ, ಡೊಂಬಿವಲಿ
ರ ಮತ್ತು ಹಲಂತದ (ಅರ್ಧಾಕ್ಷರದ ಚಿಹ್ನೆ) ನಡುವೆ ಇರಬೇಕಾದ ಜೀರೋ ವಿಡ್ತ್ ಜಾಯ್ನರ್ (ಕಣ್ಣಿಗೆ ಕಾಣದ ಜೋಡಣೆಯ ಸಂಕೇತ) ಎಲ್ಲೋ ಉದುರಿದೆ. ರ, ಜಾಯ್ನರ್, ಹಲಂತ, ಯ: ಇದೇ ಕ್ರಮ. ಹಲಂತದ ಆಚೆ ಹಾಕಿದರೆ ಆಗದು. ಫೈಂಡ್/ಚೇಂಜಿನಲ್ಲಿ ‘ರ್ಯಾ’ ಹುಡುಕಿ, ಒಂದೊಂದಾಗಿ ನೋಡಿ ಬದಲಿಸಿ. ಚೇಂಜ್ ಆಲ್ ಒತ್ತೀರಿ ಮತ್ತೆ, ‘ಕಾರ್ಯಾಲಯ’ವೂ ಕೆಟ್ಟುಹೋಗುತ್ತದೆ.